ಮೋಟಾರು ರ್ಯಾಲಿ

ಪಂದ್ಯವೆಂದರೆ ಮೊದಲು ಬಂದವನಿಗೆ ಜಯವೆಂಬುದು ಲೋಕದ ರೂಢಿ. ಕುದುರೆಯ ಜೂಜಾಗಲಿ, ಕಂಬಳದ ಕೋಣಗಳ ಓಟವಾಗಲಿ, ಶಾಲೆಯ ಹುಡುಗರ ಚೀಲದೊಳಗಿನ ಓಟವೇ ಆಗಲಿ, ಗೆರೆಯನ್ನು ಮೊದಲು ದಾಟಿದವನ ಕೊರಳಿಗೆ ಮಾಲೆ. ಆದರೆ ಇಂದು ನಾವು ಹೇಳಹೊರಟಿರುವ ಪಂದ್ಯದ ಚರಿತ್ರೆಯು ಮೊದಲು ಬಂದವನಿಗೆ ಪ್ರಥಮ ಬಹುಮಾನ ತಪ್ಪಿಹೋದ ಒಂದು ಪ್ರಸಂಗದಿಂದಲೇ ಆರಂಭವಾಗುತ್ತದೆ.

೧೮೯೪ನೆಯ ಇಸವಿ ಜುಲೈ ತಿಂಗಳಿನ ಮಾತು. ಪ್ಯಾರಿಸ್ ನಗರದ ‘ಲ ಪೆತಿ ಜೂರ್ನಾಲ್’ ಎಂಬ ವೃತ್ತಪತ್ರಿಕೆಯವರು ಕುದುರೆಯಿಲ್ಲದ ಗಾಡಿಗಳಿಗೆ ಒಂದು ಸ್ಪರ್ಧೆಯನ್ನು ಏರ್ಪಡಿಸಿದರು. ಪ್ಯಾರಿಸ್ಸಿನಿಂದ ರೂವಾನ್ ಪಟ್ಟಣದವರೆಗೆ ಸುಮಾರು ೧೨೬ ಕಿಲೋಮೀಟರು ದಾರಿ. ಹೆಸರು ಕೊಟ್ಟವರು ೧೦೨ ಮಂದಿ. ಪರೀಕ್ಷೆಗಳನ್ನು ದಾಟಿ ಹೊರಟ ಗಾಡಿಗಳು ೨೧. ನಡುವೆ ಮಾಂತ್ ಎಂಬ ಊರಿನಲ್ಲಿ ಎಲ್ಲರೂ ನಿಂತು ಸಾವಕಾಶವಾಗಿ ಊಟಮಾಡಿಕೊಂಡು ಮುಂದೆ ಹೋದರೆಂದರೆ ಅಂದಿನ ವೇಗದ ಭರವನ್ನು ಊಹಿಸಿಕೊಳ್ಳಬಹುದು. ರೂವಾನನ್ನು ಎಲ್ಲರಿಗಿಂತ ಮೊದಲು ಮುಟ್ಟಿದವನು ಕೌಂಟ್ ಡಿ ದಿಯೋಂ ಎಂಬ ಸಿರಿವಂತ. ಅವನದು ಉಗಿಯಂತ್ರದ ಗಾಡಿ. ಆದರೆ ಪತ್ರಿಕೆಯವರು ಬಹುಮಾನವನ್ನು ವೇಗಕ್ಕೆ ಕಟ್ಟಿರಲಿಲ್ಲ. ಅಪಾಯವಿಲ್ಲದ, ನಡೆಸಲು ಸುಲಭವಾದ, ಹೆಚ್ಚು ಖರ್ಚು ಬೀಳದ ಗಾಡಿಗೆ ಮನ್ನಣೆಯೆಂದು ಮೊದಲೇ ಸಾರಿದ್ದರು. ಕೌಂಟನ ಗಾಡಿಗೆ ಸಾರಥಿಯ ಜೊತೆಗೆ ಬೆಂಕಿ ಹಾಕುವ ಮತ್ತೊಬ್ಬ ಆಳು ಬೇಕಾಗಿದ್ದಿತು. ಆದಕಾರಣ ಪ್ರಥಮ ಬಹುಮಾನವನ್ನು ಪೆಟ್ರೋಲಿನಿಂದ ನಡೆದ ಪಾನಾರ್ ಮತ್ತು ಪೆಜೋ ಕಂಪೆನಿಗಳವರಿಗೆ ಹಂಚಿಕೊಟ್ಟರು. ಮರುವರ್ಷ ಪ್ಯಾರಿಸ್ಸಿನಿಂದ ಬೋರ್ಡೋವಿಗೆ ಹೋಗಿ ಮರಳುವ ೧,೧೭೮ ಕಿಲೋಮೀಟರುಗಳ ಪಂದ್ಯದಲ್ಲಿಯೂ ಇದೇ ಮರುಕಳಿಸಿತು. ಎಮಿಲ್ ಲೆವಸ್ಸೋರ್ ಎಂಬಾತನು ೪೮ ಘಂಟೆ ೪೮ ಮಿನಿಟುಗಳಲ್ಲಿ ದಾರಿ ಮುಗಿಸಿ, ಹಿಂದಿನವರಿಗಿಂತ ಬಹಳ ಹೊತ್ತು ಮುಂಚಿತವಾಗಿ ಬಂದನು. ಆದರೆ ಅವನ ಗಾಡಿಯಲ್ಲಿದ್ದುದು ಎರಡೇ ಪೀಠ. ಪ್ರಥಮ ಬಹುಮಾನಕ್ಕೆ ನಾಲ್ಕು ಪೀಠದ ಗಾಡಿ ಬೇಕೆಂಬುದು ನಿಯಮ. ಪಾಪ, ಎರಡು ಹಗಲು ಎರಡು ರಾತ್ರಿ ಗಾಡಿ ನಡೆಸುತ್ತ ಕುಳಿತವನಿಗೆ ಪೀಠದ ಲೆಕ್ಕ ಹೇಳಿದಾಗ ಏನೆನಿಸಿತೋ!

ಈ ಎರಡು ತೀರ್ಪುಗಳನ್ನು ಓದಿ ನಗುವವರಿದ್ದಾರೆ. ನಮಗಾದರೋ ಅವುಗಳಲ್ಲಿ ಬಹಳ ಗಂಭೀರವಾದ ಒಂದು ಪ್ರಶ್ನೆ ಕಾಣುತ್ತದೆ. ದಾರಿಯು ಎಲ್ಲರದು. ಎತ್ತಿನ ಗಾಡಿಯವನು, ನೀರಿಗೆ ಹೋಗುವ ಹೆಂಗಸು, ಮೇವಿಗೆ ಹೊರಟ ಕರು, ಇವರೆಲ್ಲರೂ ನಡೆಯುವ ದಾರಿಯ ಮೇಲೆ ಯಂತ್ರಗಳಿಗೆ ಪಂದ್ಯ ಕಟ್ಟಬಹುದೆ? ಕಟ್ಟಿದರೆ ಯಾವುದನ್ನು ಒರೆಗೆ ಹಚ್ಚಬೇಕು, ವೇಗವನ್ನೋ, ಗಾಡಿಯ ಬಾಳಿಕೆಯನ್ನೋ, ನಡೆಸುವವನ ಬುದ್ಧಿಯನ್ನೋ? ರ್ಯಾಲಿಯ ನೂರಮೂವತ್ತು ವರ್ಷಗಳ ಚರಿತ್ರೆಯೆಲ್ಲವೂ ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಮಾಲೆಯೆಂದರೆ ತಪ್ಪಾಗಲಾರದು. ಕೆಲವು ಉತ್ತರಗಳಿಗೆ ರಕ್ತದ ಬೆಲೆ ತೆರಬೇಕಾಯಿತು.

ಮೊದಲನೆಯ ದೊಡ್ಡ ಬೆಲೆ ೧೯೦೩ರ ಮೇ ತಿಂಗಳಿನಲ್ಲಿ ಬಿದ್ದಿತು. ಆ ವೇಳೆಗೆ ಪೀಠಗಳ ಲೆಕ್ಕ ಮರೆತುಹೋಗಿ ವೇಗವೊಂದೇ ಉಳಿದಿದ್ದಿತು. ಪ್ಯಾರಿಸ್ಸಿನಿಂದ ಸ್ಪೇನಿನ ರಾಜಧಾನಿ ಮಾಡ್ರಿಡ್ಡಿಗೆ ಪಂದ್ಯ. ಇನ್ನೂರಕ್ಕೂ ಮಿಕ್ಕಿದ ವಾಹನಗಳು, ಬಿಸಿಲಿಗೆ ಒಣಗಿದ ಮಣ್ಣಿನ ದಾರಿ, ಎದುರಿನ ಗಾಡಿಯೇ ಕಾಣದಂತೆ ಕವಿದ ಧೂಳು, ದಾರಿಯ ಎರಡು ಕಡೆಗಳಲ್ಲಿಯೂ ದಾರಿಯ ನಡುವೆಯೇ ನುಗ್ಗಿ ನಿಂತ ಜನ. ರೆನೋ ಕಂಪೆನಿಯ ಸ್ಥಾಪಕ ಸಹೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಆ ಪಂದ್ಯದಲ್ಲಿ ಮಡಿದನು. ಅವನೊಡನೆ ಇನ್ನೂ ಹಲವರು, ನೋಡಲು ಬಂದವರೂ ಸೇರಿ, ಪ್ರಾಣ ಕಳೆದುಕೊಂಡರು. ಫ್ರೆಂಚ್ ಸರ್ಕಾರವು ಪಂದ್ಯವನ್ನು ಬೋರ್ಡೋವಿನಲ್ಲಿಯೇ ನಿಲ್ಲಿಸಿತು. ಅಲ್ಲಿಯವರೆಗೆ ಬಂದ ಗಾಡಿಗಳನ್ನು ಕುದುರೆಗಳಿಂದ ಎಳೆಯಿಸಿ ರೈಲ್ವೆ ನಿಲ್ದಾಣಕ್ಕೆ ಒಯ್ದು, ರೈಲಿಗೆ ಏರಿಸಿ ಪ್ಯಾರಿಸ್ಸಿಗೆ ಕಳುಹಿಸಿದರು. ಕುದುರೆಯನ್ನು ಸೋಲಿಸಲು ಹೊರಟ ಯಂತ್ರಗಳು ಕುದುರೆಯ ಹಿಂದೆ ಮೌನವಾಗಿ ಹೋದ ಆ ಮೆರವಣಿಗೆಯು ಕಣ್ಣಿಗೆ ಕಟ್ಟುವಂತಿದೆ.

ಅಲ್ಲಿಂದ ಮುಂದೆ ದಾರಿ ಎರಡಾಗಿ ಒಡೆಯಿತು. ಶುದ್ಧ ವೇಗವನ್ನು ಬಯಸಿದವರು ಮೆಲ್ಲಮೆಲ್ಲನೆ ಸುತ್ತುವರಿದ ಪಥಗಳೊಳಗೆ ಸೇರಿಕೊಂಡರು. ಉಳಿದವರು ದಾರಿಯನ್ನು ಬಿಡಲಿಲ್ಲ, ಆದರೆ ಅದನ್ನು ಉದ್ದ ಮಾಡಿದರು. ೧೯೦೭ರಲ್ಲಿ ‘ಲ ಮಾತಾಂ’ ಎಂಬ ಪತ್ರಿಕೆಯು, ಪೀಕಿಂಗಿನಿಂದ ಪ್ಯಾರಿಸ್ಸಿಗೆ ಮೋಟಾರಿನಲ್ಲಿ ಬರುವವರುಂಟೆ ಎಂದು ಕೇಳಿತು. ಐದು ಗಾಡಿಗಳು ಜೂನ್ ೧೦ರಂದು ಹೊರಟವು. ಇಟಲಿಯ ರಾಜಕುಮಾರ ಶಿಪಿಯೋನೆ ಬೋರ್ಗೇಸೆ, ಯಂತ್ರ ಬಲ್ಲ ಗುಯಿತ್ಸಾರ್ದಿ, ಪತ್ರಕರ್ತ ಲುಯಿಜಿ ಬಾರ್ಜಿನಿ, ಈ ಮೂವರು ಇಟಾಲ ಎಂಬ ಗಾಡಿಯಲ್ಲಿದ್ದರು. ಗೋಬಿ ಮರುಭೂಮಿಯಲ್ಲಿ ಗುರುತೆಂದರೆ ತಂತಿಯ ಕಂಬಗಳೇ. ಪೆಟ್ರೋಲನ್ನು ಒಂಟೆಗಳ ಮೇಲೆ ಮುಂದಾಗಿ ಕಳುಹಿಸಿದ್ದರು. ಸೈಬೀರಿಯದಲ್ಲಿ ಮರದ ಸೇತುವೆಯೊಂದು ಮುರಿದು ಗಾಡಿ ಕೆಳಗೆ ಬಿದ್ದಿತು. ಎತ್ತಿ ನಿಲ್ಲಿಸಿ ಮತ್ತೆ ನಡೆಸಿದರು. ರಸ್ತೆಯಿಲ್ಲದ ಕಡೆ ರೈಲು ಹಳಿಯ ಮೇಲೆಯೇ ಓಡಿಸಿದರು. ಆಗಸ್ಟ್ ೧೦ರಂದು ಬೋರ್ಗೇಸೆ ಪ್ಯಾರಿಸ್ ಸೇರಿದಾಗ ಉಳಿದವರು ಬಹಳ ಹಿಂದೆ ಇದ್ದರು. ಅವನಿಗಿದ್ದ ನಿಶ್ಚಿಂತೆ ಎಷ್ಟೆಂದರೆ, ನಡುವೆ ಮಾಸ್ಕೋವಿನಿಂದ ದಾರಿ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗಿಗೆ ಔತಣಕ್ಕೂ ಹೋಗಿಬಂದಿದ್ದನು.

ಇಷ್ಟಾದರೂ ‘ರ್ಯಾಲಿ’ ಎಂಬ ಹೆಸರು ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ರ್ಯಾಲಿಯೆಂದೊಡನೆ ಧ್ವಜ ಹಿಡಿದ ಮೆರವಣಿಗೆಯೇ ನೆನಪಿಗೆ ಬರುವುದಷ್ಟೆ. ಶಬ್ದದ ಮೂಲಾರ್ಥವು ಅದಕ್ಕೆ ದೂರವಲ್ಲ: ಚದುರಿದವರು ಒಂದೆಡೆ ಕೂಡುವುದು. ೧೯೧೧ರ ಜನವರಿಯಲ್ಲಿ ಮೊನಾಕೊ ಸಂಸ್ಥಾನದವರು ಯೂರೋಪಿನ ಹಲವು ನಗರಗಳಿಂದ ಗಾಡಿಗಳು ಹೊರಟು ತಮ್ಮ ಮಾಂಟೆ ಕಾರ್ಲೊವಿನಲ್ಲಿ ಕೂಡಲೆಂದು ಆಹ್ವಾನವಿತ್ತರು. ಚಳಿಗಾಲದಲ್ಲಿ ಸಿರಿವಂತರನ್ನು ತಮ್ಮ ಸಮುದ್ರತೀರಕ್ಕೆ ಸೆಳೆಯುವುದೇ ಅವರ ಉದ್ದೇಶ. ೨೩ ಗಾಡಿಗಳು ಹೊರಟವು. ಬಂದು ಸೇರಿದ ಮೇಲೆ ತೀರ್ಪುಗಾರರು ಬರಿಯ ವೇಳೆಯನ್ನು ನೋಡದೆ, ಬಂದ ದೂರ, ಒಳಗೆ ಕುಳಿತವರ ಸಂಖ್ಯೆ, ಪ್ರಯಾಣದ ಸೌಖ್ಯ, ಗಾಡಿಯ ಅಂದ ಇವಕ್ಕೂ ಅಂಕ ಕೊಟ್ಟರು. ಪ್ಯಾರಿಸ್ಸಿನಿಂದ ಬಂದ ಆನ್ರಿ ರೂಜಿಯೇ ಗೆದ್ದನು. ಬಿಟ್ಟವರಿಂದ ಆಕ್ಷೇಪಣೆಗಳೂ ಬಂದವು. ಮಾಂಟೆ ಕಾರ್ಲೊ ರ್ಯಾಲಿ ಈಗಲೂ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಆಕ್ಷೇಪಣೆಗಳ ಪದ್ಧತಿಯೂ ಅಳಿದಿಲ್ಲ.

ಈಗ ರ್ಯಾಲಿಯ ಬಗೆಗಳನ್ನು ನೋಡೋಣ. ಎಲ್ಲಕ್ಕಿಂತ ಸಾಧುವಾದುದು ಕಾಲ, ವೇಗ, ದೂರಗಳ ಲೆಕ್ಕದ ರ್ಯಾಲಿ. ಇದರಲ್ಲಿ ಬೇಗ ಬರುವುದೂ ತಪ್ಪು, ತಡವಾಗುವುದೂ ತಪ್ಪು. ಇಂಥ ದೂರವನ್ನು ಇಂಥ ಸರಾಸರಿ ವೇಗದಲ್ಲಿ ಹೋಗತಕ್ಕದ್ದೆಂದು ಕಾಗದದಲ್ಲಿ ಬರೆದುಕೊಡುತ್ತಾರೆ; ತನಿಖೆಯವರು ಎಲ್ಲೋ ಮರದ ಮರೆಯಲ್ಲಿ ಗಡಿಯಾರ ಹಿಡಿದು ಕುಳಿತಿರುತ್ತಾರೆ. ಘಂಟೆಗೆ ೩೬ ಕಿಲೋಮೀಟರೆಂದರೆ ಸೆಕೆಂಡಿಗೆ ಸರಿಯಾಗಿ ೧೦ ಮೀಟರು. ೩೦ ಕಿಲೋಮೀಟರಿಗೆ ೫೦ ಮಿನಿಟು. ಇದರಲ್ಲೇನು ಕಷ್ಟವೆಂದು ಕೇಳಬಹುದು. ಗಾಡಿಯ ದೂರಮಾಪಕವು ನೂರಕ್ಕೆ ಎರಡರಂತೆ ಹೆಚ್ಚು ತೋರಿಸುವುದೆಂದು ಇಟ್ಟುಕೊಳ್ಳಿ. ೩೦ ಕಿಲೋಮೀಟರು ಹೋಗುವಷ್ಟರಲ್ಲಿ ಅದು ೬೦೦ ಮೀಟರು ಸುಳ್ಳು ಹೇಳಿರುತ್ತದೆ. ಲೆಕ್ಕ ಹಾಕುವವನು ತಾನು ಒಂದು ಮಿನಿಟು ಮುಂದಿದ್ದೇನೆಂದು ನಂಬಿ, ನಿಧಾನ ಮಾಡೆಂದು ಸಾರಥಿಗೆ ಹೇಳಿ, ನಿಜವಾಗಿ ಒಂದು ಮಿನಿಟು ತಡವಾಗಿ ಬರುತ್ತಾನೆ. ಆದುದರಿಂದ ಅನುಭವಿಗಳು ಮೊದಲು ಒಂದು ಅಳತೆ ತಿಳಿದ ದಾರಿಯಲ್ಲಿ ಓಡಿಸಿ ಮಾಪಕದ ಸುಳ್ಳು ಎಷ್ಟೆಂದು ಕಂಡುಕೊಂಡೇ ಹೊರಡುವರು.

ಈ ಬಗೆಯ ರ್ಯಾಲಿಯೊಂದರಲ್ಲಿ ನಾವೂ ಒಮ್ಮೆ ಮಲೆನಾಡಿನಲ್ಲಿ ಲೆಕ್ಕದ ಪೀಠದಲ್ಲಿ ಕುಳಿತಿದ್ದೆವು. ದಾರಿಯ ಪುಸ್ತಕದಲ್ಲಿ ಪ್ರತಿ ಕವಲಿಗೂ ಒಂದು ಸಣ್ಣ ಚಿತ್ರ. ಕೆಳಗೆ ಚುಕ್ಕೆಯಿದ್ದರೆ ನಾವಿರುವ ಸ್ಥಳ, ಬಾಣದ ತುದಿ ಹೋಗಬೇಕಾದ ಕಡೆ. ನೆದರ್ಲೆಂಡಿನ ಟ್ಯೂಲಿಪ್ ರ್ಯಾಲಿಯಿಂದ ಬಂದ ಪದ್ಧತಿಯಾದ್ದರಿಂದ ಈ ಚಿತ್ರಗಳಿಗೆ ಟ್ಯೂಲಿಪ್ ಎಂದೇ ಹೆಸರು. ಮೂರು ತಾಸು ನಾವು ಬಹಳ ಜಾಣರಾಗಿದ್ದೆವು. ಬಳಿಕ ಪುಸ್ತಕದ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದೆವು. ಎಡಕ್ಕೆಂದು ಹೇಳಬೇಕಾದ ಕಡೆ ಬಲಕ್ಕೆಂದೆವು. ಗಾಡಿ ಹೋಗಿ ನಿಂತುದು ಒಂದು ತೋಟದ ಕಾಫಿ ಒಣಗಿಸುವ ಕಣದ ನಟ್ಟನಡುವೆ. ತೋಟದವರು ಗದರಿಸುವ ಬದಲು, “ದಾರಿ ತಪ್ಪಿದ್ರಾ? ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ” ಎಂದು ಕರೆದರು. ಕಾಫಿ ಚೆನ್ನಾಗಿದ್ದಿತು. ಚಕ್ರ ಹಿಡಿದಿದ್ದ ಮಿತ್ರನು ಮಾತ್ರ ಹಾಸನ ಕಾಣುವವರೆಗೆ ನಮ್ಮೊಡನೆ ಮಾತನಾಡಲಿಲ್ಲ. ರ್ಯಾಲಿಯೆಂಬುದು ಇಬ್ಬರ ಆಟವೆಂದು ನಮಗೆ ಮನದಟ್ಟಾದುದು ಆ ಮೌನದಲ್ಲಿ.

ಎರಡನೆಯ ಬಗೆಯೇ ಇಂದು ಜಗತ್ತು ರ್ಯಾಲಿಯೆಂದು ಕರೆಯುವಂಥದು, ವಿಶೇಷ ಹಂತಗಳ ರ್ಯಾಲಿ. ಇದರ ವ್ಯವಸ್ಥೆ ಸ್ವಾರಸ್ಯವಾದುದು. ಗಾಡಿಗಳು ಒಟ್ಟಿಗೆ ಹೊರಡುವುದಿಲ್ಲ; ಕೆಲವು ಮಿನಿಟುಗಳ ಅಂತರದಿಂದ ಒಂದೊಂದಾಗಿ ಹೊರಡುತ್ತವೆ. ಸಾರ್ವಜನಿಕ ರಸ್ತೆಯ ಮೇಲೆ ಹೋಗುವಾಗ ಅವು ಎಲ್ಲ ಗಾಡಿಗಳಂತೆ ಸಂಖ್ಯಾಫಲಕ ಹೊತ್ತು, ವೇಗದ ಮಿತಿಯನ್ನು ಪಾಲಿಸಿ, ದನ ಅಡ್ಡ ಬಂದರೆ ನಿಂತು ಹೋಗಬೇಕು. ಜನಸಂಚಾರವನ್ನು ಮುಚ್ಚಿದ ಕಾಡುದಾರಿ ಬಂದಾಗ ಮಾತ್ರ ಸರ್ವವೇಗ. ಅದೇ ವಿಶೇಷ ಹಂತ. ಎಲ್ಲ ಹಂತಗಳ ಕಾಲವನ್ನು ಕೂಡಿ, ಕಡಮೆ ಬಂದವನಿಗೆ ಜಯ. ನಡುವಣ ತಪಾಸಣೆಯ ಠಾಣೆಗೆ ಒಂದು ಮಿನಿಟು ತಡವಾಗಿ ಬಂದರೆ ವಿಶ್ವ ರ್ಯಾಲಿಯಲ್ಲಿ ೧೦ ಸೆಕೆಂಡು ದಂಡ. ಒಂದು ಮಿನಿಟು ಮುಂಚೆ ಬಂದರೆ ಇಡೀ ಮಿನಿಟು ದಂಡ. ಪ್ಯಾರಿಸ್‍-ಮಾಡ್ರಿಡ್ ಪಂದ್ಯದ ಪ್ರಶ್ನೆಗೆ ಇದು ಜಾಣ ಉತ್ತರ: ಊರ ದಾರಿಯಲ್ಲಿ ಅವಸರ ಮಾಡಿದವನಿಗೇ ಹೆಚ್ಚು ನಷ್ಟ.

ಈ ಪದ್ಧತಿ ಬೆಳೆದುದು ಉತ್ತರ ಯೂರೋಪಿನಲ್ಲಿ. ಇಂಗ್ಲೆಂಡಿನಲ್ಲಿ ೧೯೬೦ರ ಆರ್.ಎ.ಸಿ. ರ್ಯಾಲಿಯಲ್ಲಿ ಸ್ಕಾಟ್ಲೆಂಡಿನ ಒಂದು ಕಾಡುದಾರಿಯ ತುಣುಕನ್ನು ಪ್ರಯೋಗಕ್ಕಾಗಿ ಸೇರಿಸಿದರು. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ತನ್ನ ಪುಟ್ಟ ಸಾಬ್ ಗಾಡಿಯಲ್ಲಿ ಆ ರ್ಯಾಲಿಯನ್ನು ಗೆದ್ದನು. ೧೯೬೧, ೧೯೬೨ರಲ್ಲಿಯೂ ಅವನೇ ಗೆದ್ದನು. ಜಲ್ಲಿ, ಮಣ್ಣು, ಹಿಮ, ಡಾಂಬರು, ನೆಲ ಬದಲಾದಂತೆಲ್ಲ ಚಾಲನೆಯೂ ಬದಲಾಗುತ್ತದೆ. ಸ್ವೀಡನ್ನಿನ ಹಿಮದಲ್ಲಿ ಚಕ್ರಕ್ಕೆ ಮೊಳೆ ಬಡಿದು, ದಾರಿಯಂಚಿನ ಹಿಮದ ದಂಡೆಗೆ ಗಾಡಿಯ ಪಕ್ಕವನ್ನು ಒರಗಿಸಿಕೊಂಡೇ ತಿರುಗುತ್ತಾರೆ. ಜಲ್ಲಿಯ ದಾರಿಯಲ್ಲಿ ಮೊದಲು ಹೋಗುವವನದು ಕಸ ಗುಡಿಸುವ ಪಾಡು. ಸಡಿಲ ಜಲ್ಲಿಯೆಲ್ಲ ಅವನ ಚಕ್ರಕ್ಕೆ ಸಿಕ್ಕಿ, ಹಿಂದಿನವರಿಗೆ ಗಟ್ಟಿ ನೆಲ ದೊರೆಯುತ್ತದೆ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅಂಕಗಳಲ್ಲಿ ಮುಂದಿರುವವನನ್ನೇ ಮೊದಲು ಬಿಡುವುದು ರೂಢಿ. ಮೊದಲಿಗನಿಗೆ ಪೊರಕೆ ಕೊಡುವ ಪಂದ್ಯ ಬೇರೆ ಯಾವುದಿದೆಯೋ ನಾವು ಕಾಣೆವು.

ತಿರುವಿನಾಚೆ ಏನಿದೆಯೆಂದು ಕಾಣದೆ ಅಷ್ಟು ವೇಗದಲ್ಲಿ ಹೇಗೆ ಹೋಗುವರು? ಅದರ ಗುಟ್ಟು ಪಕ್ಕದಲ್ಲಿ ಕುಳಿತವನ ಪುಸ್ತಕದಲ್ಲಿದೆ. ೧೯೫೫ರಲ್ಲಿ ಇಟಲಿಯ ಮಿಲ್ಲೆ ಮಿಲ್ಯ ಎಂಬ ರಸ್ತೆ ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಆಂಗ್ಲ ತರುಣನ ಪಕ್ಕದಲ್ಲಿ ಡೆನಿಸ್ ಜೆಂಕಿನ್‌ಸನ್ ಎಂಬ ಪತ್ರಕರ್ತನು ಕುಳಿತಿದ್ದನು. ಇಬ್ಬರೂ ಸಾವಿರ ಮೈಲಿಯ ದಾರಿಯನ್ನು ಮೊದಲೇ ನಡೆಸಿ ನೋಡಿ, ತಿರುವು, ಏರು, ಹಳ್ಳಗಳನ್ನು ಸುಮಾರು ೧೮ ಅಡಿಗಳ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದರು. ಸುರುಳಿಯನ್ನು ಪೆಟ್ಟಿಗೆಯೊಳಗೆ ತಿರುಗಿಸುತ್ತ, ಯಂತ್ರದ ಆರ್ಭಟದಲ್ಲಿ ಮಾತು ಕೇಳಿಸದ ಕಾರಣ ಕೈಸನ್ನೆಗಳಿಂದ ಜೆಂಕಿನ್‌ಸನ್ ದಾರಿ ಹೇಳಿದನು. ೧೦ ಘಂಟೆ ೭ ಮಿನಿಟು ೪೮ ಸೆಕೆಂಡುಗಳಲ್ಲಿ ಗೆದ್ದರು. ಇಂದು ರ್ಯಾಲಿಯ ತಂಡಗಳು ಪ್ರತಿ ಹಂತವನ್ನೂ ಮುಂಚಿತವಾಗಿ ಎರಡು ಸಲ ನಿಧಾನವಾಗಿ ನಡೆಸಿ ಬರೆದುಕೊಳ್ಳುತ್ತವೆ. ತಿರುವಿನ ಕಡಿದುತನಕ್ಕೆ ಒಂದರಿಂದ ಆರರವರೆಗೆ ಅಂಕೆ ಕೊಡುವುದು ಸಾಮಾನ್ಯ ರೂಢಿ. ಬಿದ್ದೆದ್ದು ಹಾರುವ ಗಾಡಿಯಲ್ಲಿ ತಲೆಯೆತ್ತದೆ, ಒಂದು ಸಾಲು ತಪ್ಪದೆ, ಸಾರಥಿಯ ಕಣ್ಣಿಗಿಂತ ಒಂದು ತಿರುವು ಮುಂದಾಗಿ ಓದುತ್ತ ಹೋಗಬೇಕು. ದಿಬ್ಬದಾಚೆಯ ದಾರಿ ಎಡಕ್ಕೋ ಬಲಕ್ಕೋ ಎಂಬುದಕ್ಕೆ ಚಾಲಕನಿಗಿರುವ ಸಾಕ್ಷಿ ಆ ಧ್ವನಿಯೊಂದೇ. ಎರಡು ಹಾಳೆ ಒಟ್ಟಿಗೆ ಮಗುಚಿದರೆ ಅಲ್ಲಿ ಕಾಫಿ ಕೊಡುವವರಿರುವುದಿಲ್ಲ.

ಮೂರನೆಯ ಬಗೆ ಸಹಿಷ್ಣುತೆಯ ಮಹಾಯಾತ್ರೆ. ಬ್ರಿಟಿಷ್ ರಾಣಿ ಎರಡನೆಯ ಎಲಿಜಬೆತ್ತಳ ಪಟ್ಟಾಭಿಷೇಕದ ನೆನಪಿಗೆ ೧೯೫೩ರಲ್ಲಿ ಕೆನ್ಯ, ಉಗಾಂಡ, ಟಾಂಗನಿಕಗಳ ಮೂಲಕ ಹರಿದ ಸಫಾರಿ ರ್ಯಾಲಿ ಇದರಲ್ಲಿ ಹಿರಿದಾದುದು. ಒಂದೇ ದಿನದಲ್ಲಿ ಧೂಳು, ಕೆಸರು, ಅಡ್ಡ ಬರುವ ಕಾಡುಮೃಗ ಎಲ್ಲವನ್ನೂ ಕಾಣಬಹುದಾಗಿದ್ದಿತು. ೧೯೬೩ರಲ್ಲಿ ಹೊರಟ ೮೪ ಗಾಡಿಗಳಲ್ಲಿ ಗುರಿ ಮುಟ್ಟಿದುವು ಏಳೇ. ಈ ರ್ಯಾಲಿಯಲ್ಲಿ ಭಾರತೀಯ ಮೂಲದವರು ಪಡೆದ ಕೀರ್ತಿಯನ್ನು ನಮ್ಮಲ್ಲಿ ಸಾಕಷ್ಟು ಜನ ಅರಿಯರು. ಕೆನ್ಯದಲ್ಲಿ ಹುಟ್ಟಿ ಬೆಳೆದ ಜೋಗಿಂದರ್ ಸಿಂಗರು ೧೯೬೫ರಲ್ಲಿ ತಮ್ಮ ಸೋದರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರೋ ಬಳಸಿ ಬಿಟ್ಟಿದ್ದ ಹಳೆಯ ವೋಲ್ವೊ ಗಾಡಿಯಲ್ಲಿ ಗೆದ್ದರು. ಮತ್ತೆ ೧೯೭೪ರಲ್ಲಿಯೂ ೧೯೭೬ರಲ್ಲಿಯೂ ಗೆದ್ದರು. ‘ಹಾರುವ ಸಿಖ್’ ಎಂದು ಅವರಿಗೆ ಹೆಸರು. ಶೇಖರ್ ಮೆಹ್ತಾರ ಕುಟುಂಬ ಉಗಾಂಡದಲ್ಲಿ ನೆಲಸಿದ್ದಿತು. ೧೯೭೨ರಲ್ಲಿ ಇದಿ ಅಮೀನನು ಏಷ್ಯದವರನ್ನು ಹೊರಗಟ್ಟಿದಾಗ ಅವರು ಕೆನ್ಯಕ್ಕೆ ಬಂದರು. ಮರುವರ್ಷವೇ ಸಫಾರಿಯನ್ನು ಗೆದ್ದು, ಮುಂದೆ ೧೯೭೯ರಿಂದ ೧೯೮೨ರವರೆಗೆ ಬಿಡದೆ ನಾಲ್ಕು ಸಲ ಗೆದ್ದರು. ಊರಿಲ್ಲದಂತಾದವನೊಬ್ಬನು ದಾರಿಯನ್ನೇ ಊರು ಮಾಡಿಕೊಂಡನೆನ್ನಬೇಕು.

೧೯೬೮ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ನಡೆದ ಮ್ಯಾರಥಾನ್ ನಮ್ಮ ದೇಶದ ಮೂಲಕವೇ ಹಾದುಹೋಯಿತು. ೯೮ ಗಾಡಿಗಳು ಹೊರಟು, ಟೆಹರಾನ್, ಕಾಬೂಲ್, ದೆಹಲಿಗಳನ್ನು ದಾಟಿ ಬೊಂಬಾಯಿಯಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋದವು. ಗುರಿ ಸಮೀಪಿಸಿದಾಗ ಮುಂದಿದ್ದ ಸಿತ್ರೋಯೆನ್ ಗಾಡಿಯು ಎದುರಿನಿಂದ ಬಂದ ಬೇರೊಂದು ಗಾಡಿಗೆ ಡಿಕ್ಕಿ ಹೊಡೆದು ನುಚ್ಚುನೂರಾಯಿತು. ಗೆಲವು ಆಂಡ್ರೂ ಕೋವನ್ನನ ಸಾದಾ ಹಿಲ್‌ಮನ್ ಗಾಡಿಗೆ ಒಲಿಯಿತು.

ಮರುಭೂಮಿಯ ರ್ಯಾಲಿಯೂ ಈ ವಂಶದ್ದೇ. ಫ್ರಾನ್ಸಿನ ತಿಯೆರಿ ಸಾಬೀನ್ ಎಂಬಾತನು ೧೯೭೭ರಲ್ಲಿ ಲಿಬಿಯದ ಮರಳಿನಲ್ಲಿ ಮೋಟಾರ್ ಸೈಕಲ್ಲಿನೊಡನೆ ದಾರಿ ತಪ್ಪಿ ಸಾವಿನ ಬಾಗಿಲಿನಿಂದ ಮರಳಿದನು. ಬೇರೊಬ್ಬನಾಗಿದ್ದರೆ ಮರಳಿನ ಹೆಸರೆತ್ತುತ್ತಿರಲಿಲ್ಲ. ಅವನು ೧೯೭೮ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಡಾಕರಿಗೆ ಪಂದ್ಯವನ್ನೇ ಹೂಡಿದನು. ೧೯೮೬ರಲ್ಲಿ ಆ ಪಂದ್ಯದ ಮೇಲೆಯೇ ಹೆಲಿಕಾಪ್ಟರ್ ಬಿದ್ದು ಮಡಿದನು. ಡಾಕರ್ ರ್ಯಾಲಿ ೨೦೦೯ರಿಂದ ದಕ್ಷಿಣ ಅಮೆರಿಕಕ್ಕೂ, ೨೦೨೦ರಿಂದ ಸೌದಿ ಅರೇಬಿಯಕ್ಕೂ ಹೋಯಿತು. ಹೆಸರು ಮಾತ್ರ ಉಳಿದಿದೆ. ಬೆಂಗಳೂರಿನ ಸಿ. ಎಸ್. ಸಂತೋಷರು ೨೦೧೫ರಲ್ಲಿ ಮೋಟಾರ್ ಸೈಕಲ್ ವರ್ಗದಲ್ಲಿ ೩೬ನೆಯವರಾಗಿ ಗುರಿ ಮುಟ್ಟಿ, ಡಾಕರನ್ನು ಪೂರೈಸಿದ ಮೊದಲ ಭಾರತೀಯರಾದರು.

ರ್ಯಾಲಿಕ್ರಾಸ್ ಎಂಬುದೊಂದಿದೆ, ೧೯೬೭ರಲ್ಲಿ ಇಂಗ್ಲೆಂಡಿನ ದೂರದರ್ಶನದವರಿಗಾಗಿ ಹುಟ್ಟಿದ ಸುತ್ತುಪಥದ ಕಿರುಪಂದ್ಯ ಅದು. ಅದನ್ನು ಹೆಸರಿಸಿದರೆ ಸಾಕು.

ಇನ್ನು ಹೇಳಲೇಬೇಕಾದ ಒಂದು ಕಹಿಯಾದ ಅಧ್ಯಾಯವಿದೆ. ೧೯೭೩ರಲ್ಲಿ ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್ ಆರಂಭವಾಯಿತು. ೧೯೮೧ರಲ್ಲಿ ಆಡಿ ಕಂಪೆನಿಯವರು ನಾಲ್ಕು ಚಕ್ರಗಳಿಗೂ ಬಲ ಹಂಚುವ ಗಾಡಿಯನ್ನು ತಂದು ಆಟದ ಲೆಕ್ಕವನ್ನೇ ಬದಲಿಸಿದರು. ಅದೇ ಗಾಡಿಯಲ್ಲಿ ಫ್ರಾನ್ಸಿನ ಮಿಶೆಲ್ ಮೂತೋಂ ಎಂಬಾಕೆ, ಪಕ್ಕದಲ್ಲಿ ಫಾಬ್ರಿತ್ಸಿಯ ಪೋನ್ಸ್ ಎಂಬ ಮತ್ತೊಬ್ಬ ಮಹಿಳೆಯೊಡನೆ, ಸಾನ್‌ರೆಮೊ ರ್ಯಾಲಿಯನ್ನು ಗೆದ್ದರು. ಮರುವರ್ಷ ಮೂರು ರ್ಯಾಲಿಗಳನ್ನು ಗೆದ್ದು ವಿಶ್ವದಲ್ಲಿ ಎರಡನೆಯವರಾದರು. ೧೯೮೨ರಿಂದ ‘ಬಿ ಗುಂಪು’ ಎಂಬ ನಿಯಮದಲ್ಲಿ ಕಡಮೆ ಭಾರ, ಮಿತಿಮೀರಿದ ಬಲದ ಗಾಡಿಗಳು ಬಂದವು. ಜನ ದಾರಿಯ ನಡುವೆ ನಿಂತು, ಗಾಡಿ ಮೈಮೇಲೆ ಬರುವಾಗ ಸರಿದು, ಅದನ್ನು ಕೈಯಿಂದ ಮುಟ್ಟುವುದನ್ನೇ ಶೌರ್ಯವೆಂದುಕೊಂಡರು. ಪ್ಯಾರಿಸ್‍-ಮಾಡ್ರಿಡ್ಡಿನ ಗುಂಪೇ ಎಂಬತ್ತು ವರ್ಷಗಳ ಮೇಲೆ ಮತ್ತೆ ಎದ್ದು ಬಂದಂತಾಯಿತು.

ಇಲ್ಲಿ ಒಬ್ಬ ತಂದೆಯ, ಒಬ್ಬ ಮಗನ ಕಥೆ ಬರುತ್ತದೆ. ೧೯೬೬ರ ಮಾಂಟೆ ಕಾರ್ಲೊ ರ್ಯಾಲಿಯಲ್ಲಿ ಮೊದಲ ಮೂರು ಸ್ಥಾನಗಳನ್ನೂ ಇಂಗ್ಲೆಂಡಿನ ಮಿನಿ ಗಾಡಿಗಳು ಪಡೆದಿದ್ದವು. ಮುಂದೀಪದ ಬಲ್ಬು ನಿಯಮಕ್ಕೆ ಹೊಂದಲಿಲ್ಲವೆಂದು ತೀರ್ಪುಗಾರರು ಅವನ್ನು ಹೊರಹಾಕಿ, ಫಿನ್ಲೆಂಡಿನ ಪೌಲಿ ತೊಯಿವೊನೆನ್ನನನ್ನು ವಿಜೇತನೆಂದು ಸಾರಿದರು. ಹೀಗೆ ಬಂದ ಜಯವು ಅವನಿಗೆ ಹಿತವಾಗಲಿಲ್ಲ. ಸರಿಯಾಗಿ ೨೦ ವರ್ಷಗಳ ತರುವಾಯ, ೧೯೮೬ರ ಜನವರಿಯಲ್ಲಿ, ಅವನ ಮಗ ಹೆನ್ರಿ ಅದೇ ಮಾಂಟೆ ಕಾರ್ಲೊವನ್ನು ದಾರಿಯ ಮೇಲೆಯೇ ಗೆದ್ದನು. ತಂದೆಯ ಮನಸ್ಸಿನ ಮುಳ್ಳು ಅಂದು ಕಳಚಿತೆಂದು ಭಾವಿಸಬಹುದು. ಮಾರ್ಚಿನಲ್ಲಿ ಪೋರ್ತುಗಲ್ಲಿನಲ್ಲಿ ಗಾಡಿಯೊಂದು ಗುಂಪಿಗೆ ನುಗ್ಗಿ ನೋಡಲು ಬಂದವರಲ್ಲಿ ಮೂವರು ಸತ್ತರು. ಮೇ ೨ರಂದು ಕಾರ್ಸಿಕ ದ್ವೀಪದಲ್ಲಿ, ಒಂದು ಎಡ ತಿರುವಿನಲ್ಲಿ ಹೆನ್ರಿಯ ಲಾಂಚಿಯ ಗಾಡಿ ದಾರಿ ಬಿಟ್ಟು ಕೆಳಗುರುಳಿ ಹೊತ್ತಿಕೊಂಡಿತು. ಅವನೂ ಸಹಚಾಲಕ ಸೆರ್ಜಿಯೊ ಕ್ರೆಸ್ಟೊವೂ ಹಿಂದಿರುಗಲಿಲ್ಲ. ಹೆನ್ರಿಗೆ ವಯಸ್ಸು ೨೯. ಬಿ ಗುಂಪಿನ ಗಾಡಿಗಳನ್ನು ಆ ವರ್ಷದ ಕೊನೆಗೆ ವಿಶ್ವ ಚಾಂಪಿಯನ್‌ಷಿಪ್ಪಿನಿಂದ ತೆಗೆದುಹಾಕಿದರು. ಪಾನಾರ್‍-ಪೆಜೋಗಳಿಗೆ ಬಹುಮಾನ ಹಂಚಿದ ಪತ್ರಿಕೆಯವರು ‘ಅಪಾಯವಿಲ್ಲದ’ ಎಂಬ ಮಾತನ್ನು ಪಟ್ಟಿಯ ಮೊದಲಲ್ಲೇ ಬರೆದಿದ್ದುದನ್ನು ನಾವು ಇಲ್ಲಿ ನೆನೆಯುತ್ತೇವೆ.

ಅಂದಿನಿಂದ ಗಾಡಿಗಳಿಗೆ ಉಕ್ಕಿನ ಪಂಜರ ಬಿಗಿಯಾಗಿದೆ, ಬಲಕ್ಕೆ ಮಿತಿ ಬಂದಿದೆ, ಗುಂಪು ಹತೋಟಿ ಮೀರಿದರೆ ಹಂತವನ್ನೇ ರದ್ದುಮಾಡುವ ನಿಯಮವಿದೆ. ಪಂದ್ಯದ ಬಿಸುಪು ತಗ್ಗಿಲ್ಲ. ೨೦೧೧ರಲ್ಲಿ ಜೋರ್ಡಾನಿನಲ್ಲಿ ಸೆಬಾಸ್ಟಿಯನ್ ಓಜಿಯೇ ಸೆಕೆಂಡಿನ ಹತ್ತನೆಯ ಎರಡು ಭಾಗದಿಂದ ಗೆದ್ದನು. ೨೦೨೪ರಲ್ಲಿ ಸಾರ್ಡಿನಿಯದಲ್ಲಿ ಅವನೇ ಅಷ್ಟೇ ಅಂತರದಿಂದ ಓಟ್ ತಾನಾಕನಿಗೆ ಸೋತನು. ಮೂರು ನಾಲ್ಕು ದಿನ ಕಾಡು ಬೆಟ್ಟ ಸುತ್ತಿ ಬಂದವರ ನಡುವೆ ಕಣ್ಣೆವೆಯಿಕ್ಕುವಷ್ಟೂ ಅಂತರವಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಬೆಂಗಳೂರಿನವರು ಕೆ-೧೦೦೦ ಎಂಬ ರ್ಯಾಲಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ೨೦೧೬ರಲ್ಲಿ ಏಷ್ಯ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಒಂದು ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಕೆಮ್ಮಣ್ಣು ದಾರಿಯಲ್ಲಿ ನಡೆಯಿತು. ಶ್ರೋತೃಗಳಲ್ಲಿ ಯಾರಾದರೂ ನೋಡಹೋಗುವುದಾದರೆ ನಮ್ಮದೊಂದು ಬಿನ್ನಹ. ಹಂತವನ್ನು ಮುಚ್ಚುವುದಕ್ಕೆ ಮುಂಚೆಯೇ ಹೋಗಿ ಸೇರಿರಿ. ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿರಿ. ಹಿಡಿತ ತಪ್ಪಿದ ಗಾಡಿ ಅತ್ತಲೇ ಬರುತ್ತದೆ. ದಾರಿಗಿಂತ ಎತ್ತರದ ದಿಬ್ಬವನ್ನು ಆರಿಸಿಕೊಂಡು, ಪಟ್ಟಿ ಕಟ್ಟಿದ್ದರೆ ಅದರ ಹಿಂದೆಯೇ ಇರಿ. ಮಕ್ಕಳ ಕೈ ಬಿಡಬೇಡಿರಿ. ಮೊದಲು ದೂರದಿಂದ ಶಬ್ದ ಬರುತ್ತದೆ. ಬಳಿಕ ಗಾಡಿ ಅಡ್ಡಡ್ಡಲಾಗಿ ತಿರುಗಿ ಕ್ಷಣದಲ್ಲಿ ಮರೆಯಾಗುತ್ತದೆ. ಧೂಳು ಕಾಫಿ ಗಿಡಗಳ ಮೇಲೆ ಇಳಿಯುವಷ್ಟರಲ್ಲಿ ಮುಂದಿನ ಗಾಡಿಯ ಶಬ್ದ ಕೇಳಿಸುತ್ತದೆ.